ಡೇಟಾ ಓದಲು ಬೇರೆಯೇ ಎಂ.ಎಸ್ಸಿ. ಬೇಕೆ?

ಪ್ರವೇಶದ ಕಾಲ ಬಂತೆಂದರೆ ವಿಶ್ವವಿದ್ಯಾಲಯಗಳ ಜಾಹೀರಾತುಗಳಲ್ಲಿ ಡೇಟಾ ಸೈನ್ಸ್, ಡೇಟಾ ಅನಲಿಟಿಕ್ಸ್ ಎಂಬ ಸ್ನಾತಕೋತ್ತರ ಕೋರ್ಸುಗಳ ಹೆಸರು ದಪ್ಪಕ್ಷರದಲ್ಲಿ ಕಾಣಿಸಿಕೊಳ್ಳುತ್ತದೆ. ಜೀವವಿಜ್ಞಾನ ಮತ್ತು ಮನೋವಿಜ್ಞಾನ ಅದೇ ಪಟ್ಟಿಯಲ್ಲಿದ್ದರೂ ಅವುಗಳ ವಿಭಾಗ ಬೇರೆ, ಅಧ್ಯಯನ ಮಂಡಳಿ ಬೇರೆ. ಡೇಟಾ ವಿದ್ಯಾರ್ಥಿ ಎರಡು ವರ್ಷ ಪೈಥಾನ್ ಕಲಿತು, ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ದತ್ತಾಂಶದ ಮೇಲೆ ಪ್ರಾಜೆಕ್ಟ್ ಮುಗಿಸುತ್ತಾನೆ. ಆ ಅಂಕಿಗಳನ್ನು ಯಾರು, ಯಾರಿಂದ, ಏಕೆ ಪಡೆದರು ಎಂದು ಕೇಳುವ ಪ್ರಸಂಗವೇ ಅವನಿಗೆ ಬರುವುದಿಲ್ಲ. ಇತ್ತ ಜೀವವಿಜ್ಞಾನದ ವಿದ್ಯಾರ್ಥಿನಿಗೆ ಸಂಖ್ಯಾಶಾಸ್ತ್ರವೆಂದರೆ ಸಾಮಾನ್ಯವಾಗಿ ಹೇಗೋ ಪಾಸಾಗಬೇಕಾದ ಒಂದು ಪತ್ರಿಕೆ. ಮನೋವಿಜ್ಞಾನದಲ್ಲಿ ಅದು ಸಂಶೋಧನಾ ವಿಧಾನದ ಪಾಠಕ್ಕೆ ಅಂಟಿಸಿದ ಬಾಲ. ಈ ವಿಂಗಡಣೆಯೇ ತಪ್ಪು. ಸಾರ್ವಜನಿಕ ವಿಶ್ವವಿದ್ಯಾಲಯಗಳು ಪ್ರತ್ಯೇಕ ಡೇಟಾ ಪದವಿಗಳನ್ನು ಹೆಚ್ಚಿಸುವುದನ್ನು ಬಿಟ್ಟು, ಅದೇ ಬೋಧಕರನ್ನೂ ಹಣವನ್ನೂ ಜೀವವಿಜ್ಞಾನ, ಮನೋವಿಜ್ಞಾನದಂಥ ವಿಷಯಗಳ ಒಳಗೇ ದತ್ತಾಂಶ ವಿಶ್ಲೇಷಣೆಯನ್ನು ಕಲಿಸಲು ಬಳಸಬೇಕು.

ಸಂಖ್ಯಾಶಾಸ್ತ್ರ ಬೆಳೆದದ್ದೇ ಹಾಗೆ. ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಬುದ್ಧಿಶಕ್ತಿಯ ಕುರಿತು ಬರೆದ ಪ್ರಬಂಧದಲ್ಲಿ, ಶಾಲಾಮಕ್ಕಳು ಬೇರೆ ಬೇರೆ ವಿಷಯಗಳಲ್ಲಿ ಪಡೆದ ಸ್ಥಾನಗಳ ನಡುವೆ ಸಂಬಂಧ ಹುಡುಕಿದರು. ಇಂದು ಮಾರುಕಟ್ಟೆ ಸಮೀಕ್ಷೆಯವರೂ ಬಳಸುವ ಅಪವರ್ತನ ವಿಶ್ಲೇಷಣೆಯ (ಫ್ಯಾಕ್ಟರ್ ಅನಾಲಿಸಿಸ್) ಮೂಲ ಅಲ್ಲಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಇದೇ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ಮೇಲೆ, ಗೊಬ್ಬರ ಮತ್ತು ಇಳುವರಿಯ ಲೆಕ್ಕ ಬಿಡಿಸುತ್ತಲೇ ಪ್ರಯೋಗ ವಿನ್ಯಾಸದ ನಿಯಮಗಳನ್ನು ರೂಪಿಸಿದರು. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಮನುಷ್ಯರ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು. ಹಗಲು ಆ ಕೆಲಸ ಮಾಡುತ್ತಲೇ ಫಿಶರ್ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. ಇವರೆಲ್ಲರ ಸೂತ್ರಗಳು ನಮ್ಮ ಪಠ್ಯಕ್ರಮದಲ್ಲಿ ಉಳಿದಿವೆ. ಹೊಲ, ಮೂಳೆ, ಶಾಲಾಮಕ್ಕಳು ಮಾತ್ರ ಅಲ್ಲಿಂದ ಮಾಯವಾಗಿದ್ದಾರೆ.

ವಿಷಯ ಬಲ್ಲವರಿಗೆ ಲೆಕ್ಕ ಬಾರದಿದ್ದಾಗ ಏನಾಗುತ್ತದೆ ಎಂಬುದನ್ನು ಮನೋವಿಜ್ಞಾನ ಬಹಿರಂಗವಾಗಿಯೇ ಕಂಡಿತು. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಆ ಕ್ಷೇತ್ರದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿತು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರದ ಪ್ರಕಾರ ಅರ್ಥಪೂರ್ಣ ಫಲಿತಾಂಶ ಕೊಟ್ಟಿದ್ದವು. ಮರುಪ್ರಯೋಗದಲ್ಲಿ ಅದು ಶೇ 36ಕ್ಕೆ ಇಳಿಯಿತು. ಜೀವವಿಜ್ಞಾನದ ಕಥೆ ನಗು ತರಿಸುವಂಥದ್ದು. ಎಕ್ಸೆಲ್‌ನಲ್ಲಿ ಮಾರ್ಚ್1, ಸೆಪ್ಟ್2 ಎಂಬ ಜೀನ್‌ಗಳ ಸಂಕೇತಗಳನ್ನು ಟೈಪ್ ಮಾಡಿದರೆ ಅದು ಅವನ್ನು ತಾರೀಖುಗಳೆಂದು ತಿಳಿದು ಬದಲಿಸಿಬಿಡುತ್ತಿತ್ತು. ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪು ಇದೆಯೆಂದು 2016ರ ಪರಿಶೀಲನೆಯೊಂದು ತೋರಿಸಿತು. ಕೊನೆಗೆ ಜೀನ್‌ಗಳ ಹೆಸರುಗಳನ್ನೇ ಬದಲಿಸಬೇಕಾಯಿತು!

ಲೆಕ್ಕ ಬಲ್ಲವರಿಗೆ ವಿಷಯ ತಿಳಿಯದಿದ್ದಾಗಿನ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಆಸ್ಪತ್ರೆಗಳು ವ್ಯಾಪಕವಾಗಿ ಬಳಸುತ್ತಿದ್ದ ಒಂದು ಅಲ್ಗಾರಿದಮ್, ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕೆಂದು ಗುರುತಿಸಲು ಅವರ ಚಿಕಿತ್ಸೆಗೆ ತಗಲುವ ವೆಚ್ಚವನ್ನೇ ಕಾಯಿಲೆಯ ಅಳತೆಗೋಲಾಗಿ ಹಿಡಿದಿತ್ತು. ಕರಿಯ ಜನರ ಚಿಕಿತ್ಸೆಗೆ ಆಗುತ್ತಿದ್ದ ಖರ್ಚೇ ಕಡಿಮೆಯಾದ್ದರಿಂದ, ಅಷ್ಟೇ ಕಾಯಿಲೆಯಿದ್ದರೂ ಅವರು ಆರೋಗ್ಯವಂತರೆಂದು ಲೆಕ್ಕಕ್ಕೆ ಬಂದರು. 2019ರಲ್ಲಿ ಇದು ಬಯಲಾಯಿತು. ವೆಚ್ಚವನ್ನು ಊಹಿಸುವ ಮಟ್ಟಿಗೆ ಅಲ್ಗಾರಿದಮ್ ಸರಿಯಾಗಿಯೇ ಇತ್ತು. ವೆಚ್ಚ ಬೇರೆ, ಕಾಯಿಲೆ ಬೇರೆ ಎಂದು ತಡೆದು ಹೇಳುವವರು ಬೇಕಿತ್ತು. ನಮ್ಮಲ್ಲೂ ಇಂಥ ಎಡವಟ್ಟಿಗೆ ಅವಕಾಶವಿದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ಸಮಸ್ಯೆಯಿತ್ತು. ಅದು ಸಮೀಕ್ಷೆಯ ಹೊತ್ತಿನ ಸ್ಥಿತಿ. ಬದುಕಿನಲ್ಲಿ ಎಂದಾದರೂ ಬಂದದ್ದನ್ನು ಸೇರಿಸಿದರೆ ಅಂಕಿ ಶೇ 13.7. ತಂಬಾಕಿನ ಚಟ ಈ ಲೆಕ್ಕದಲ್ಲಿಲ್ಲ. ಕೋಷ್ಟಕವನ್ನಷ್ಟೇ ನೋಡುವವನಿಗೆ ಇವು ಅಡಿಟಿಪ್ಪಣಿಗಳು. ಜಿಲ್ಲೆಗೆ ಎಷ್ಟು ಆಪ್ತಸಮಾಲೋಚಕರು ಬೇಕೆಂದು ಯೋಜಿಸುವವಳಿಗೆ ಮುಖ್ಯವಾದ ಮಾಹಿತಿ ಇದೇ.

ಮಾರುಕಟ್ಟೆ ಕೇಳುವುದು ಡೇಟಾ ಸೈನ್ಸ್ ಎಂಬ ಹೆಸರನ್ನೇ, ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಆ ಹೆಸರಿನ ಪದವಿಯನ್ನು ತಪ್ಪಿಸಬಾರದು ಎಂಬ ಆಕ್ಷೇಪವಿದೆ. ಇದು ಹಗುರವಾದ ಮಾತಲ್ಲ. ಆದರೆ ಕೋಡಿಂಗ್ ಕಲಿಸುವ ಪೈಪೋಟಿಯಲ್ಲಿ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡ ವಿಭಾಗ ಗೆಲ್ಲುವುದು ಕಷ್ಟ. ಮದ್ರಾಸ್ ಐಐಟಿ 2020ರಿಂದಲೇ ಡೇಟಾ ಸೈನ್ಸ್ ಪದವಿಯನ್ನು ಆನ್‌ಲೈನ್‌ನಲ್ಲಿ ನಡೆಸುತ್ತಿದೆ. ಐಐಟಿಗಳ ಆನ್‌ಲೈನ್ ಪಾಠಮಾಲೆಯಾದ ಎನ್‌ಪಿಟಿಇಎಲ್‌ನ ಪಾಠಗಳನ್ನು ಬಳ್ಳಾರಿಯಲ್ಲಿ ಕೂತೂ ಕೇಳಬಹುದು. ಪ್ರಯೋಗಾಲಯ, ಕ್ಷೇತ್ರಕಾರ್ಯ, ಮೇಲ್ವಿಚಾರಣೆಯಲ್ಲಿ ನಡೆಯುವ ಆಪ್ತಸಮಾಲೋಚನೆಯ ತರಬೇತಿಯನ್ನು ಹಾಗೆ ಕೊಡಲಾಗದು. ಯುಜಿಸಿಯೇ 2025ರ ಜುಲೈ–ಆಗಸ್ಟ್ ಅವಧಿಯಿಂದ ಮನೋವಿಜ್ಞಾನ, ಸೂಕ್ಷ್ಮಜೀವವಿಜ್ಞಾನ, ಜೈವಿಕ ತಂತ್ರಜ್ಞಾನಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನು ನಿಲ್ಲಿಸಲು ಹೇಳಿದೆ. ಹಾಗಾದರೆ ಕ್ಯಾಂಪಸ್ಸಿಗೆ ಮಾತ್ರ ಸಾಧ್ಯವಾದ ಕೆಲಸ ಯಾವುದೆಂದು ಸ್ಪಷ್ಟವಾಯಿತಲ್ಲ. ಉದ್ಯೋಗದ ದೃಷ್ಟಿಯಿಂದಲೂ, ಪೈಥಾನ್ ಮಾತ್ರ ಬಲ್ಲವನಿಗೆ ಎಂಜಿನಿಯರಿಂಗ್ ಪದವೀಧರರ ದಂಡೇ ಎದುರಾಳಿ. ಜೀನೋಮ್ ದತ್ತಾಂಶವನ್ನು ಓದಬಲ್ಲ ಜೀವವಿಜ್ಞಾನಿಗೆ ಅಷ್ಟು ಎದುರಾಳಿಗಳಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆಯು 10,000 ಭಾರತೀಯರ ಜೀನೋಮ್ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ಅದನ್ನು ಓದಬಲ್ಲವರನ್ನು ಧಾರವಾಡ, ಕಲಬುರಗಿ, ಮಂಗಳೂರಿನ ವಿಭಾಗಗಳೂ ತಯಾರು ಮಾಡಬೇಕು.

ಮತ್ತೊಂದು ಆಕ್ಷೇಪ ಗಣಿತದ ಭಯದ್ದು. ಮನೋವಿಜ್ಞಾನಕ್ಕೆ ಬರುವ ಹಲವರು ಕಲಾ ವಿಭಾಗದವರು. ಲೆಕ್ಕ ಹೆಚ್ಚಿಸಿದರೆ ಅವರು ಓಡಿಹೋಗುತ್ತಾರೆ ಎನ್ನುತ್ತಾರೆ. ಭಯ ನಿಜ, ಆದರೆ ಅದಕ್ಕೆ ಕಾರಣ ಬಹುಪಾಲು ಕಲಿಸುವ ಕ್ರಮ. ಸೂತ್ರವನ್ನು ಬಾಯಿಪಾಠ ಮಾಡಿಸಿ ಕ್ಯಾಲ್ಕುಲೇಟರ್‌ನಲ್ಲಿ ಉತ್ತರ ತೆಗೆಸುವ ಪತ್ರಿಕೆಯಿಂದ ಯಾರಿಗೂ ಸಂಖ್ಯಾಶಾಸ್ತ್ರ ಬಂದಿಲ್ಲ. ಅದೇ ವಿದ್ಯಾರ್ಥಿಗೆ ತನ್ನ ಊರಿನ ಹದಿಹರೆಯದವರಿಂದ ತಾನೇ ಪಡೆದ ಪ್ರಶ್ನಾವಳಿಯ ಉತ್ತರಗಳನ್ನು ಕೊಟ್ಟು, ಕನ್ನಡಕ್ಕೆ ತಂದ ಆ ಪ್ರಶ್ನೆಗಳು ಅಳೆಯಬೇಕಾದ್ದನ್ನೇ ಅಳೆಯುತ್ತಿವೆಯೇ ಎಂದು ಪರೀಕ್ಷಿಸಲು ಹೇಳಿದರೆ, ಲೆಕ್ಕಕ್ಕೊಂದು ಕಾರಣ ಸಿಗುತ್ತದೆ. ಇದಕ್ಕೆ ಬೇಕಾದ ‘ಆರ್’ ತಂತ್ರಾಂಶ ಉಚಿತ.

ಸಂಖ್ಯಾಶಾಸ್ತ್ರ ವಿಭಾಗಗಳನ್ನು ಮುಚ್ಚಬೇಕೆಂದು ಇದರ ಅರ್ಥವಲ್ಲ; ಹೊಸ ವಿಧಾನಗಳನ್ನು ಕಂಡುಹಿಡಿಯಲು ಅವು ಬೇಕೇ ಬೇಕು. ನಿಜವಾದ ತೊಡಕು ಇರುವುದು ಆಡಳಿತದಲ್ಲಿ: ಒಬ್ಬ ಅಧ್ಯಾಪಕ ಎರಡು ವಿಭಾಗಗಳಿಗೆ ಪಾಠ ಮಾಡಿದರೆ ಆ ಕಾರ್ಯಭಾರ ಯಾರ ಖಾತೆಗೆ? ಈ ಗೊಂದಲದಲ್ಲೇ ಒಳ್ಳೆಯ ಪಠ್ಯಕ್ರಮಗಳು ಕಡತದಲ್ಲಿ ಕೊಳೆಯುತ್ತವೆ. ಕುಲಪತಿಗಳು ಇಷ್ಟನ್ನು ಮಾಡಬಹುದು: ಎರಡನೇ ವರ್ಷದ ಪ್ರತಿ ಪ್ರಾಜೆಕ್ಟ್‌ಗೂ ವಿಷಯದಿಂದ ಒಬ್ಬರು, ಸಂಖ್ಯಾಶಾಸ್ತ್ರ ಅಥವಾ ಗಣಕ ವಿಜ್ಞಾನದಿಂದ ಒಬ್ಬರು ಹೀಗೆ ಇಬ್ಬರು ಮಾರ್ಗದರ್ಶಕರನ್ನು ಕಡ್ಡಾಯ ಮಾಡುವುದು, ಇಬ್ಬರ ಕಾರ್ಯಭಾರದಲ್ಲೂ ಆ ಗಂಟೆಗಳನ್ನು ಪೂರ್ತಿಯಾಗಿ ಎಣಿಸುವುದು, ಪ್ರಬಂಧದ ಜೊತೆ ಮೂಲ ದತ್ತಾಂಶವನ್ನೂ ವಿಶ್ಲೇಷಣೆಯ ಕೋಡನ್ನೂ ಸಲ್ಲಿಸದವರ ವೈವಾ ನಡೆಸದಿರುವುದು. ಇದಕ್ಕೆ ಹೊಸ ಕಟ್ಟಡ ಬೇಡ, ಅಧ್ಯಯನ ಮಂಡಳಿಗಳ ಜಂಟಿ ಸಭೆಯೊಂದು ಸಾಕು.