ಕುರ್ಚಿ ಇಳಿದವರಿಗೂ ಶರಣು ಎನ್ನೋಣ



ನಮ್ಮ ಮಠಗಳ ವೇದಿಕೆಗಳಲ್ಲಿ ಸನ್ಮಾನಕ್ಕೇನೂ ಕೊರತೆಯಿಲ್ಲ. ಯಾರಾದರೂ ಪುರಸಭೆಗೋ ನಿಗಮಕ್ಕೋ ಅಧ್ಯಕ್ಷರಾದರೆ ಒಂದು ವಾರದೊಳಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿದ್ಧವಾಗುತ್ತವೆ. ಅವರು ಇನ್ನೂ ಒಂದು ಕಡತಕ್ಕೂ ಸಹಿ ಹಾಕಿರುವುದಿಲ್ಲ, ನಾವಾಗಲೇ ಅವರ ಸೇವೆಯನ್ನು ಕೊಂಡಾಡಿ ಮುಗಿಸಿರುತ್ತೇವೆ. ಅದೇ ವ್ಯಕ್ತಿ ಅವಧಿ ಮುಗಿಸಿ ಕಚೇರಿಯ ಮೆಟ್ಟಿಲಿಳಿಯುವ ದಿನ ಅಲ್ಲಿ ಯಾರೂ ಇರುವುದಿಲ್ಲ. ಕೆಲಸಕ್ಕೆ ಮುಂಚೆ ಹೊಗಳಿಕೆ, ಕೆಲಸದ ನಂತರ ಮೌನ. ಹಾಗಾದರೆ ನಾವು ಗೌರವಿಸುವುದು ಕಾಯಕವನ್ನೋ ಕುರ್ಚಿಯನ್ನೋ?

ಈ ಪ್ರಶ್ನೆಯನ್ನು ನಾನು ಬಿ.ಸಿ.ರೋಡಿನಲ್ಲಿ ಕುಳಿತು ಕೇಳುತ್ತಿದ್ದೇನೆ. ಇಲ್ಲಿ ಲಿಂಗಾಯತರು ಬಹಳ ಮಂದಿಯಿಲ್ಲ. ಇರುವವರಲ್ಲಿ ಹೆಚ್ಚಿನವರು ಘಟ್ಟದ ಮೇಲಿಂದ ಬಂದವರು. ವರ್ಗವಾಗಿ ಬಂದ ಶಿಕ್ಷಕರು, ಪೊಲೀಸರು, ಬಸ್ಸಿನ ಚಾಲಕರು, ನಿರ್ವಾಹಕರು, ಅಡ್ಡಹೊಳೆವರೆಗಿನ ಹೆದ್ದಾರಿ ಕೆಲಸಕ್ಕೆ ಬಂದ ಕೂಲಿಯವರು. ನಮ್ಮ ನಲ್ಲಿಗೆ ನೀರು ಬಿಡುವುದು, ಬೀದಿ ಗುಡಿಸುವುದು, ಕಸ ಒಯ್ಯುವುದು ಬಂಟ್ವಾಳ ಪುರಸಭೆ. ಅದರ ಕಥೆ ಸ್ವಲ್ಪ ಕೇಳಿ.

2018ರ ಆಗಸ್ಟ್ ಕೊನೆಗೆ ಪುರಸಭೆಗೆ ಚುನಾವಣೆಯಾಗಿ 27 ಸದಸ್ಯರು ಆರಿಸಿ ಬಂದರು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ರಾಜ್ಯದಾದ್ಯಂತ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಗೆದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಹೆಸರಿಗಷ್ಟೇ ಸದಸ್ಯರಾಗಿ ಉಳಿದರು, ಆಡಳಿತ ಅಧಿಕಾರಿಗಳ ಕೈಯಲ್ಲಿತ್ತು. 2020ರ ನವೆಂಬರಿನಲ್ಲಿ ಮಹಮ್ಮದ್ ಶರೀಫ್ ಅಧ್ಯಕ್ಷರಾದರು. ಮೂವತ್ತು ತಿಂಗಳ ಆ ಅವಧಿ 2023ರಲ್ಲಿ ಮುಗಿದಾಗ ಕುರ್ಚಿ ಮತ್ತೆ ಬರಿದಾಯಿತು. 2024ರಲ್ಲಿ ವಾಸು ಪೂಜಾರಿ ಬಂದರು. ಮೊದಲ ಸಭೆಯಿಂದ ಐದು ವರ್ಷ ಎಂಬ ಲೆಕ್ಕ ಹಿಡಿದರೆ 2025ರ ನವೆಂಬರಿಗೆ ಈ ಕೌನ್ಸಿಲಿನ ಅವಧಿ ತುಂಬುತ್ತದೆ. ಜನ ಮತ ಹಾಕಿ ಏಳು ವರ್ಷವಾದರೂ ಚುನಾಯಿತ ಅಧ್ಯಕ್ಷರು ಕುರ್ಚಿಯಲ್ಲಿ ಕುಳಿತದ್ದು ನಾಲ್ಕು ವರ್ಷಕ್ಕೂ ಕಡಿಮೆ.

ಅಧ್ಯಕ್ಷರಿಲ್ಲದ ಊರು ಎಂದರೇನು ಎಂಬುದನ್ನು 2020ರ ಏಪ್ರಿಲ್ ತೋರಿಸಿತು. ಜಿಲ್ಲೆಯಲ್ಲಿ ಕೊರೊನಾದಿಂದ ಮೊದಲು ತೀರಿಕೊಂಡವರು ಬಂಟ್ವಾಳ ಪೇಟೆಯವರೇ. ತೀರಿಕೊಂಡ ಒಬ್ಬ ವೃದ್ಧೆಯ ಶವಕ್ಕೆ ಮಂಗಳೂರಿನಲ್ಲಿ ಜನ ಅಡ್ಡ ನಿಂತರು. ಕೊನೆಗೆ ಅಂತ್ಯಕ್ರಿಯೆ ನಡೆದದ್ದು ಬಿ.ಸಿ.ರೋಡ್ ಬಳಿಯ ಕೈಕುಂಜೆಯ ರುದ್ರಭೂಮಿಯಲ್ಲಿ. ಸಾವಿನ ಸೂತಕವನ್ನು ಎಂಟು ಶತಮಾನಗಳ ಹಿಂದೆಯೇ ತಿರಸ್ಕರಿಸಿದ ಶರಣರ ಮಕ್ಕಳು ನಾವು. ಆ ದಿನ ಊರಿನ ಮುಂದೆ ನಿಂತು ಜನರೊಡನೆ ಮಾತಾಡಬಲ್ಲ ಚುನಾಯಿತ ಮುಖ್ಯಸ್ಥರೊಬ್ಬರು ಪುರಸಭೆಗಿರಲಿಲ್ಲ. ಹಿರಿಯರ ಕುರ್ಚಿ ಖಾಲಿಯಿದ್ದರೆ ಭಯವೇ ಬಂದು ಅಲ್ಲಿ ಕೂರುತ್ತದೆ.

ಕುರ್ಚಿಯಲ್ಲಿ ಕುಳಿತವರಿಗಾದರೂ ಸುಖವಿತ್ತೇ? ಪೇಟೆಯ ಕಸ ಹೋಗಬೇಕಾದದ್ದು ಸಜಿಪನಡುವಿನ ಕಂಚಿನಡ್ಕಪದವಿಗೆ. ಅಲ್ಲಿಯವರು, ‘ನಿಮ್ಮ ಕಸ ನಮ್ಮ ಊರಿಗೇಕೆ?’ ಎಂದು ಕೇಳುತ್ತ ಬಂದಿದ್ದಾರೆ. ಆ ಮಾತಿನಲ್ಲಿ ನ್ಯಾಯವಿದೆ. ಇತ್ತ ಪೇಟೆಯವರು, ‘ಕಸ ಎತ್ತಿಲ್ಲ’ ಎಂದು ಬೈಯುತ್ತಾರೆ. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡದ ನಾವೇ ಬೈಯುವುದರಲ್ಲಿ ಮುಂದು. ಈ ಎರಡು ಸಿಟ್ಟುಗಳ ನಡುವೆ ನಿಂತು ಮಾತಾಡುವ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ. ಧನ್ಯವಾದ ಸಲ್ಲಬೇಕಾದದ್ದು ಇಂಥ ಕೆಲಸಕ್ಕೇ.

‘ಅವರು ನಮ್ಮ ಸಮಾಜದವರಲ್ಲವಲ್ಲ?’ ಎಂದು ಕೆಲವರು ಕೇಳಬಹುದು. ಈ ಕಾಯಿಲೆಗೇ ಮದ್ದು ಬೇಕಾಗಿದೆ. ಸರ್ ಕೆ.ಪಿ. ಪುಟ್ಟಣ್ಣಚೆಟ್ಟಿಯವರನ್ನು ನೆನೆಯಿರಿ. ಲಿಂಗಾಯತ ಮನೆತನದ ಅವರು ಮೈಸೂರು ಸರ್ಕಾರದ ಕೌನ್ಸಿಲರ್ ಹುದ್ದೆಯಿಂದ ನಿವೃತ್ತರಾದ ಮೇಲೆ 1913ರಿಂದ ಕೆಲವು ವರ್ಷ ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿದ್ದರು. 1935ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ಪುರಭವನ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಅದರ ಮೆಟ್ಟಿಲ ಮೇಲೆ ನಿಂತು ಎಲ್ಲ ಜಾತಿಯ, ಎಲ್ಲ ಪಕ್ಷದ ಜನ ತಮ್ಮ ಅಹವಾಲು ಕೂಗುತ್ತಿದ್ದರು. ನಮ್ಮವರೊಬ್ಬರನ್ನು ಇಡೀ ನಗರ ತನ್ನವರೆಂದು ಒಪ್ಪಿಕೊಂಡಿತು. ಶರೀಫರನ್ನೋ ಪೂಜಾರಿಯವರನ್ನೋ ನಮ್ಮವರೆನ್ನಲು ನಮಗೆ ನಾಲಿಗೆ ಬಾರದಿದ್ದರೆ, ‘ಇವ ನಮ್ಮವ’ ಎಂಬ ಭಾವವನ್ನು ನಾವು ಬಸವ ಜಯಂತಿಯ ಬ್ಯಾನರಿಗಷ್ಟೇ ಇಟ್ಟುಕೊಂಡಿದ್ದೇವೆ ಎಂದಾಯಿತು.

ಅಧಿಕಾರವೂ ಒಂದು ಕಾಯಕ ಎಂದು ತೋರಿಸಿದವರು ಬಸವಣ್ಣನವರು. ಬಿಜ್ಜಳನ ಭಂಡಾರ ಅವರ ಕೈಯಲ್ಲಿತ್ತು. ಕಲ್ಯಾಣ ಬಿಟ್ಟು ಕೂಡಲಸಂಗಮದ ಕಡೆ ನಡೆದಾಗ ಅವರ ಜೊತೆ ಪದವಿ ಇರಲಿಲ್ಲ, ಆದರೂ ಅವರು ಬಸವಣ್ಣನೇ. ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಸಾರ್ವಜನಿಕ ಹುದ್ದೆಗೂ ಅದೇ ಅಳತೆ. ಎಷ್ಟು ಬೇಕೋ ಅಷ್ಟು ಹಿಡಿಯಬೇಕು, ಉಳಿದುದನ್ನು ಲೆಕ್ಕದೊಂದಿಗೆ ಒಪ್ಪಿಸಿ ಇಳಿಯಬೇಕು.

ಹೀಗೆ ಧನ್ಯವಾದ ಹೇಳಲು ಹೊರಟರೆ ತಪ್ಪುಗಳೂ ಮುಚ್ಚಿಹೋಗುತ್ತವೆ ಎಂಬ ಆಕ್ಷೇಪವಿದೆ. ಬರಿಯ ಹೊಗಳಿಕೆಯಾದರೆ ಖಂಡಿತ ಮುಚ್ಚಿಹೋಗುತ್ತವೆ. ‘ಊರಿಗೆ ಅಪಾರ ಸೇವೆ ಸಲ್ಲಿಸಿದ್ದಾರೆ’ ಎನ್ನುವುದು ಯಾರಿಗಾದರೂ ಹೊಂದುವ ಮಾತು. ಯಾವ ವಾರ್ಡಿಗೆ ನೀರು ಬಂತು, ಯಾವ ಚರಂಡಿ ಕೆಲಸ ಅರ್ಧಕ್ಕೆ ನಿಂತಿದೆ, ಯಾವ ಜಗಳ ಪಂಚಾಯಿತಿಯಲ್ಲೇ ಬಗೆಹರಿಯಿತು ಎಂದು ಎಣಿಸಿ ಹೇಳಿದರೆ ಮಾತ್ರ ಅದು ಧನ್ಯವಾದ. ಹಾಗೆ ಎಣಿಸುವಾಗ ಆಗದೆ ಉಳಿದ ಕೆಲಸವೂ ತಾನಾಗಿ ಕಾಣುತ್ತದೆ, ಮುಂದೆ ಬರುವವರಿಗೆ ಅದೇ ಪಟ್ಟಿ.

ಆದ್ದರಿಂದ ಮಠಗಳ ಪೂಜ್ಯರಲ್ಲಿ, ಬಸವ ಕೇಂದ್ರಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಅಧಿಕಾರಕ್ಕೆ ಬಂದವರಿಗೆ ಹಾರ ಹಾಕುವುದನ್ನು ನಿಲ್ಲಿಸಿ. ಅವಧಿ ಮುಗಿಸಿದ ಪುರಸಭಾ ಅಧ್ಯಕ್ಷರನ್ನು, ಸದಸ್ಯರನ್ನು, ಅವರು ಯಾವ ಧರ್ಮದವರೇ ಆಗಲಿ, ಒಂದು ಸಂಜೆ ಅನುಭಾವ ಗೋಷ್ಠಿಗೆ ಕರೆಯಿರಿ. ಎತ್ತರದ ವೇದಿಕೆ ಬೇಡ, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂರಲಿ. ಅವರು ಮಾಡಿದ್ದನ್ನು ಹೇಳಲಿ, ಜನ ಕೇಳಲಿ, ಪ್ರಶ್ನಿಸಲಿ. ಪಕ್ಕದಲ್ಲಿ ಪೌರಕಾರ್ಮಿಕರನ್ನೂ ಕೂರಿಸಿ. ಅಧ್ಯಕ್ಷರ ಅವಧಿ ಮೂವತ್ತು ತಿಂಗಳಿಗೆ ಮುಗಿಯುತ್ತದೆ, ಅವರ ಕಾಯಕಕ್ಕೆ ನಾಳೆ ಬೆಳಗ್ಗೆಯೂ ಬಿಡುವಿಲ್ಲ. ಕೊನೆಗೆ ಎಲ್ಲರೂ ಒಟ್ಟಿಗೆ ಪ್ರಸಾದ ಸ್ವೀಕರಿಸಲಿ.

ಬಂಟ್ವಾಳ ಪುರಸಭೆಯ ಇಬ್ಬರು ಅಧ್ಯಕ್ಷರಿಗೂ 27 ಸದಸ್ಯರಿಗೂ, ಘಟ್ಟದಿಂದ ಇಳಿದು ಬಂದು ಇಲ್ಲಿನ ನೇತ್ರಾವತಿಯ ನೀರು ಕುಡಿಯುತ್ತಿರುವ ನಮ್ಮೆಲ್ಲರ ಪರವಾಗಿ ಶರಣು ಶರಣಾರ್ಥಿ.