ದ್ವೀಪದ ದೂರ

ದ್ವೀಪಗಳಿಗೆ ಹೋಗಿಬಂದವರ ಪ್ರವಾಸಕಥನಗಳನ್ನು ಓದುವಾಗಲೆಲ್ಲ ನನಗೊಂದು ಅತೃಪ್ತಿ ಉಳಿಯುತ್ತದೆ. ಕಡಲು ಎಷ್ಟು ಒರಟಾಗಿತ್ತು, ಹಡಗು ಹೇಗೆ ಹೊಯ್ದಾಡಿತು, ಹೊಟ್ಟೆಯೊಳಗಿನದು ಎಷ್ಟು ಸಲ ಹೊರಗೆ ಬಂತು ಎಂಬ ವರ್ಣನೆಗೆ ನಾಲ್ಕು ಪುಟ ಮೀಸಲಾಗಿರುತ್ತದೆ. ದ್ವೀಪದಲ್ಲಿ ಬಾಳುವವರಿಗೆ ಒಂದು ಪುಟ ದೊರೆತರೆ ಅದೇ ಪುಣ್ಯ. ಬರೆದವರು ಸುಳ್ಳಾಡಿದರೆಂದು ನನ್ನ ಆಕ್ಷೇಪವಲ್ಲ. ಕಡಲು ಒರಟೇ. ಆದರೆ ಒಮ್ಮೆ ಹೋಗಿ ಒಮ್ಮೆ ಬರುವವನಿಗೆ ಆ ದಾರಿ ಸಾಹಸ. ಅಕ್ಕಿಗೆ, ಔಷಧಕ್ಕೆ, ಹೆರಿಗೆಗೆ, ಪರೀಕ್ಷೆಗೆ ಜೀವಮಾನವೆಲ್ಲ ಅದೇ ದಾರಿಯನ್ನು ನಂಬಿರುವವನಿಗೆ ಅದು ಸಂಸಾರ. 'ದೂರದ', 'ದುರ್ಗಮ' ಎಂಬ ವಿಶೇಷಣಗಳನ್ನು ದ್ವೀಪಕ್ಕೆ ಅಂಟಿಸುವ ಮೊದಲು, ಆ ದೂರವನ್ನು ಯಾವ ದಡದಲ್ಲಿ ನಿಂತು ಅಳೆದೆವು ಎಂಬುದನ್ನು ವಿಚಾರಿಸಬೇಕು.

ಇದಕ್ಕೆ ನಿದರ್ಶನ ಹುಡುಕಲು ಕನ್ನಡಿಗರು ಬೇರೆ ಸಾಗರಗಳಿಗೆ ಹೋಗಬೇಕಾದುದಿಲ್ಲ. ಒಂದು ಕಾಲಕ್ಕೆ ನಮ್ಮ ಜಿಲ್ಲೆಯೊಂದರ ಭಾಗವಾಗಿದ್ದು ಈಗ ನಮ್ಮ ನೆನಪಿನಿಂದ ಜಾರಿರುವ ಐದು ದ್ವೀಪಗಳುಂಟು: ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ. ಲಕ್ಷದ್ವೀಪದ ಉತ್ತರಕ್ಕಿರುವ ಇವುಗಳಿಗೆ ಒಟ್ಟಾಗಿ ಅಮಿನ್‌ದಿವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಇಲ್ಲಿನ ಜನ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಆಶ್ರಯ ಬೇಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದ್ವೀಪಗಳು ಕಂಪನಿ ಸರಕಾರದ ವಶವಾಗಿ, ಮುಂದೆ ದಕ್ಷಿಣ ಕನ್ನಡಕ್ಕೆ ಸೇರಿಕೊಂಡವು. ದಕ್ಷಿಣದ ದ್ವೀಪಗಳು ಮಲಬಾರಿನ ಆಡಳಿತದಲ್ಲಿದ್ದರೆ, ಈ ಐದರ ಕಲೆಕ್ಟರು ಮಂಗಳೂರಿನಲ್ಲಿ ಕುಳಿತಿದ್ದರು. 1956ರ ನವೆಂಬರ್ 1ರಂದು, ನಾಡು ಒಂದಾಯಿತೆಂದು ನಾವು ಹಬ್ಬವನ್ನಾಚರಿಸಿದ ದಿನವೇ, ಅವು ನಮ್ಮನ್ನು ಬಿಟ್ಟು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು.

ಈ ವಿಂಗಡಣೆಯ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿನವರ ನುಡಿ ಜೆಸೆರಿ ಎಂಬ ಮಲಯಾಳದ ಒಂದು ಬಗೆ. ಅವರು ತಮ್ಮ ನುಡಿಯವರ ಕಡೆಗೆ ಮುಖ ಮಾಡಿದುದು ಸಹಜವೇ. ಆದರೆ ಭೂಪಟದ ಗೆರೆ ಬದಲಾದ ಮಾತ್ರಕ್ಕೆ ನೀರಿನ ಮೇಲಿನ ದೂರ ಬದಲಾಗದು. ಕಿಲ್ತಾನ್ ಕೊಚ್ಚಿಯಿಂದ ಸುಮಾರು 390 ಕಿಲೋಮೀಟರು. ಮಂಗಳೂರಿನಿಂದ ಸುಮಾರು 250. ಕಡಲು ಹತ್ತಿರ ಇಟ್ಟುದನ್ನು ನಮ್ಮ ಮರೆವು ದೂರ ಮಾಡಿದೆ.

ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, ಪರವಾನಗಿ ಪಡೆದು ನಾನು ಮಂಗಳೂರಿನ ಹಳೆಯ ಬಂದರಿನಿಂದ ಕಿಲ್ತಾನಿಗೆ ಹೊರಟೆ. ಸಣ್ಣ ಪ್ರಯಾಣಿಕ ಹಡಗು. ಮಳೆಗಾಲ ಮುಗಿಯುತ್ತ ಬಂದಿದ್ದರೂ ಕಡಲಿನ ಸಿಟ್ಟು ಇಳಿದಿರಲಿಲ್ಲ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡುವ ಅಳಿವೆಯನ್ನು ದಾಟಿದ್ದೇ ತಡ, ಪಡುವಣದಿಂದ ಬರುವ ನೀಳವಾದ ತೆರೆಗಳು ಹಡಗಿನ ಮೂತಿಯನ್ನು ಎತ್ತಿ ಎತ್ತಿ ಕುಕ್ಕತೊಡಗಿದವು. ರಾತ್ರಿಯಿಡೀ ಕಬ್ಬಿಣದ ಮೈ ನರಳಿತು. ಟ್ರಂಕುಗಳೂ ಚೀಲಗಳೂ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಜಾರಿ ಮತ್ತೆ ಮರಳುತ್ತಿದ್ದವು. ನನ್ನ ಅವಸ್ಥೆಯನ್ನು ಇಲ್ಲಿ ಬಣ್ಣಿಸುವುದಿಲ್ಲ. ಅಂಥ ವರ್ಣನೆ ವಾಚಕರಿಗೆ ಬೇರೆಡೆ ಧಾರಾಳವಾಗಿ ದೊರೆಯುತ್ತದೆ.

ನನ್ನ ಎದುರಿಗೆ ನಲವತ್ತು ದಿನದ ಕೂಸಿನೊಡನೆ ಒಬ್ಬ ಎಳೆಯ ತಾಯಿ, ಆಕೆಯ ತಾಯಿ ಕುಳಿತಿದ್ದರು. ಹೆರಿಗೆ ಕಠಿಣವಾದೀತೆಂದು ವೈದ್ಯರು ಎಚ್ಚರಿಸಿದ್ದರಿಂದ, ಮಳೆಗಾಲದಲ್ಲಿ ಹಡಗು ಸಿಕ್ಕೀತೋ ಇಲ್ಲವೋ ಎಂಬ ಅಂಜಿಕೆಯಿಂದ, ಮೇ ತಿಂಗಳ ಮೊದಲ ವಾರದಲ್ಲೇ ಅವರು ಮಂಗಳೂರಿಗೆ ಬಂದಿದ್ದರು. ನಾಲ್ಕು ತಿಂಗಳಿಗೂ ಮೀರಿ ಬಾಡಿಗೆಯ ಕೋಣೆಯೊಂದರಲ್ಲಿ ಕಾದು, ಈಗ ಊರಿಗೆ ಮರಳುತ್ತಿದ್ದರು. ತಂದೆ ಇನ್ನೂ ಮಗುವಿನ ಮುಖ ಕಂಡಿರಲಿಲ್ಲ. ಇಂಥ ಕಡಲಿಗೆ ಹೆದರಿಕೆಯಾಗುವುದಿಲ್ಲವೇ ಎಂದು ನಾನು ಆ ಹಿರಿಯ ಹೆಂಗಸನ್ನು ಕೇಳಿದೆ. ಮಂಗಳೂರಿನಲ್ಲಿ ಕಲಿತ ಅಷ್ಟಿಷ್ಟು ಕನ್ನಡಕ್ಕೆ ತಮ್ಮ ಮಾತನ್ನೂ ಬೆರೆಸಿ ಆಕೆ ಹೇಳಿದರು: "ಕಡಲಿಗೆ ಹೆದರಿದರೆ ನಾವು ಎಲ್ಲಿ ಇರುವುದು ಮಾಸ್ಟ್ರೇ? ಹಡಗು ಬರುವುದಿಲ್ಲ ಅಂತ ಹೇಳಿದರೆ, ಆಗ ಹೆದರಿಕೆ."

ಬೆಳಗಾದಾಗ ದ್ವೀಪ ಕಂಡಿತೆನ್ನುವುದಕ್ಕಿಂತ, ನೀರಿನೊಳಗಿಂದ ತೆಂಗಿನ ತಲೆಗಳು ಮೂಡಿದವೆನ್ನುವುದೇ ಸರಿ. ಹವಳದಿಂದ ಬೆಳೆದ ಈ ನೆಲ ಕಡಲಿನ ಮಟ್ಟಕ್ಕಿಂತ ಕೆಲವೇ ಮೀಟರು ಎತ್ತರ. ಹವಳದ ದಿಬ್ಬಕ್ಕೆ ಹೆದರಿ ಹಡಗು ಹೊರಗೇ ನಿಲ್ಲುತ್ತದೆ. ದಡದಿಂದ ದೋಣಿಗಳು ಬರುತ್ತವೆ. ಹಡಗಿನ ಮಗ್ಗುಲ ಬಾಗಿಲಿನಲ್ಲಿ ನಿಂತು, ತೆರೆ ದೋಣಿಯನ್ನು ಮೇಲಕ್ಕೆತ್ತಿದ ಆ ಒಂದು ಕ್ಷಣದಲ್ಲಿ ಕಾಲಿಡಬೇಕು. ತಡವಾದರೆ ದೋಣಿ ಆಳುದ್ದ ಕೆಳಗಿರುತ್ತದೆ. ಕೂಸು ಕೈಯಿಂದ ಕೈಗೆ ದಾಟಿ ದೋಣಿ ಸೇರಿತು. ಯಾರೂ ಕೂಗಲಿಲ್ಲ. ನನ್ನೊಬ್ಬನನ್ನು ಇಳಿಸಲು ಮೂವರು ಬೇಕಾದರು.

ಹಡಗು ಬರುವುದಕ್ಕೆ ಮೊದಲು ಈ ದಾರಿಯಲ್ಲಿ ನಡೆದದ್ದು ಓಡಂ. ಹಲಗೆಗೆ ಹಲಗೆಯನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟುತ್ತಿದ್ದ ಹಾಯಿಹಡಗು ಅದು. ಗಂಟು ಹಾಕಿದ ದಾರಕ್ಕೆ ಪೋಣಿಸಿದ ಸಣ್ಣ ಹಲಗೆಯೇ ನಾವಿಕನ ಯಂತ್ರ. ಅದರ ಹೆಸರು ಕಮಾಲ್. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚನ್ನು ದಿಗಂತಕ್ಕೂ ಮೇಲಿನ ಅಂಚನ್ನು ಧ್ರುವನಕ್ಷತ್ರಕ್ಕೂ ಹೊಂದಿಸಿ, ಎಷ್ಟನೆಯ ಗಂಟಿಗೆ ಹೊಂದಿತೆಂಬುದರಿಂದ ತಾನು ಎಷ್ಟು ಉತ್ತರಕ್ಕಿರುವೆನೆಂದು ಅವನು ತಿಳಿಯುತ್ತಿದ್ದನು. ತರುತ್ತಿದ್ದುದು ಹೆಂಗಸರು ಹೊಸೆದ ಹುರಿ, ಕೊಬ್ಬರಿ, ಬೆಲ್ಲ, ಒಯ್ಯುತ್ತಿದ್ದುದು ಅಕ್ಕಿ. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿದ್ದುದರಿಂದ ಅದನ್ನು ಸರಕಾರಕ್ಕೇ ಕೊಟ್ಟು, ಅದರ ಬದಲಿಗೆ ಅಕ್ಕಿ ಪಡೆಯಬೇಕಾಗಿತ್ತು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಓಡಂ ದಡವೇರಿ ಕುಳಿತರೆ, ಆ ಮೊದಲು ಮನೆ ಸೇರಿದ್ದೇ ಅಕ್ಕಿ, ಸೇರದಿದ್ದುದು ಹಸಿವು. ಕಡಲಿನ ಒರಟುತನವನ್ನು ಅವರು ತೆರೆಯ ಎತ್ತರದಿಂದ ಅಳೆಯಲಿಲ್ಲ. ಮನೆಯಲ್ಲಿ ಉಳಿದ ಅಕ್ಕಿಮುಡಿಗಳನ್ನು ಎಣಿಸಿ ಅಳೆದರು.

ಕಾಲ ಬದಲಾಗಿದೆಯಲ್ಲ ಎನ್ನುವಿರಿ. ನಿಜ. ಅಗತ್ತಿಯಲ್ಲಿ 1988ರಿಂದ ವಿಮಾನ ನಿಲ್ದಾಣವಿದೆ. ತೀವ್ರ ರೋಗಿಗಳನ್ನು ಸಾಗಿಸಲು ಹೆಲಿಕಾಪ್ಟರು ಬಂದಿದೆ. 2024ರ ಮೇ ತಿಂಗಳಲ್ಲಿ ದ್ವೀಪದಿಂದ ವೇಗದ ಹಡಗೊಂದು ಮಂಗಳೂರಿನ ಹಳೆಯ ಬಂದರಿಗೆ ಬಂದಾಗ, ಪ್ರಯಾಣಕ್ಕೆ ಏಳು ಗಂಟೆ ಹಿಡಿಯಿತೆಂದು ಪತ್ರಿಕೆಗಳು ಬರೆದವು. ಎಲ್ಲರೂ ಸಂತೋಷಪಟ್ಟರು. ಆದರೆ ಆ ಸಂತೋಷದ ಮಾತುಗಳಲ್ಲಿ ನಾನು ಹೆಚ್ಚಾಗಿ ಕೇಳಿದ್ದು ಪ್ರವಾಸಿಗಳ ಲೆಕ್ಕವನ್ನು: ಎಷ್ಟು ಮಂದಿ ಹೋಗಬಹುದು, ಎಷ್ಟು ವಸತಿಗೃಹ ಬೇಕಾದೀತು ಎಂಬುದನ್ನು. ಲಕ್ಷದ್ವೀಪದ ನೆಲವನ್ನೆಲ್ಲ ಕೂಡಿಸಿದರೂ 32 ಚದರ ಕಿಲೋಮೀಟರು. 2011ರ ಗಣತಿಯಂತೆ ಅಲ್ಲಿರುವವರು 64 ಸಾವಿರಕ್ಕೂ ಮಿಕ್ಕು. ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಪದರ. ಹೆಚ್ಚು ಸೇದಿದರೆ ಉಪ್ಪೇ ಮೇಲೆ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಕಡಲನ್ನೇ ಸಿಹಿ ಮಾಡುವ ಸ್ಥಾವರ ಕಟ್ಟಬೇಕಾಗಿ ಬಂತೆಂದರೆ ಅಲ್ಲಿನ ನೀರಿನ ಸಂಕಟ ಊಹಿಸಬಹುದು. ಇಂಥ ಮನೆಗೆ ಅತಿಥಿಗಳು ಎಣಿಕೆಯಿಂದ ಹೋಗಬೇಕು.

ಹಾಗಾದರೆ ಕಡಲು ಒರಟಾಗಿರುವುದೇ ಒಳ್ಳೆಯದು, ಅದೇ ದ್ವೀಪಕ್ಕೆ ಕೋಟೆ, ಎಂದು ವಾದಿಸುವ ಸಹೃದಯರೂ ಉಂಟು. ಈ ವಾದ ಕೇಳಲು ಇಂಪಾಗಿದೆ. ಆಡುವವರು ಮಾತ್ರ ಸಾಮಾನ್ಯವಾಗಿ ಈ ದಡದಲ್ಲಿ ನಿಂತಿರುತ್ತಾರೆ. ದ್ವೀಪವನ್ನು ಕಾಯಲು ಪರವಾನಗಿಯ ನಿಯಮವಿದೆ, ದ್ವೀಪದವರ ಅಭಿಪ್ರಾಯವಿದೆ, ಅವನ್ನು ಗಟ್ಟಿಗೊಳಿಸೋಣ. ಬಸುರಿ ಹೆಂಗಸಿನ ಪ್ರಯಾಸವನ್ನು ಕೋಟೆಯ ಕಲ್ಲಾಗಿಸುವುದು ಸಲ್ಲದು.

ನನ್ನ ಮತ ಇಷ್ಟೆ. ಮಂಗಳೂರಿಗೂ ಅಮಿನ್‌ದಿವಿಗೂ ನಡುವೆ ಮೊದಲು ಬೇಕಾದುದು ವೇಗವಲ್ಲ, ನಿಶ್ಚಯ. ವಾರದ ಇಂಥ ದಿನ ಹಡಗು ಹೊರಡುತ್ತದೆ ಎಂಬ ಭರವಸೆ ಮಳೆಗಾಲದಲ್ಲೂ ಇರಬೇಕು. ಹಳೆಯ ಬಂದರಿನ ಅಳಿವೆ ಮಳೆಗಾಲದಲ್ಲಿ ಸಣ್ಣ ನಾವೆಗಳನ್ನು ತಡೆಯುವುದಾದರೆ, ಸರ್ವಋತು ಬಂದರು ಪಣಂಬೂರಿನಲ್ಲಿ 1970ರ ದಶಕದಿಂದಲೂ ಇದೆ. ನೈಋತ್ಯದ ಗಾಳಿ ಬೀಸುವಾಗ ದ್ವೀಪಗಳ ಮೂಡಣ ಮಗ್ಗುಲು ಅಷ್ಟಿಷ್ಟು ಮರೆಯಾಗಿರುತ್ತದೆ. ಇಳಿಯುವ ಏರ್ಪಾಡು ಅಲ್ಲಿ ಭದ್ರವಾಗಬೇಕು. ಮಂಗಳೂರಿನ ಆಸ್ಪತ್ರೆಗಳ ಸಮೀಪ, ಹೆರಿಗೆಗಾಗಿ ಕಾದಿರುವ ದ್ವೀಪದ ಹೆಂಗಸರಿಗೆ ಕಡಿಮೆ ಬಾಡಿಗೆಯ ನಾಲ್ಕು ಕೋಣೆಗಳಾದರೂ ಇರಬೇಕು. ನೂರೈವತ್ತು ವರ್ಷ ಒಂದೇ ಜಿಲ್ಲೆಯವರಾಗಿ ಬಾಳಿದ ನೆರೆಯವರಿಗೆ ಇದು ದಾನವಲ್ಲ, ಮರ್ಯಾದೆ.

ಇವೆಲ್ಲ ಆದ ಮೇಲೆ ಪ್ರವಾಸಿಗಳು ಧಾರಾಳವಾಗಿ ಹೋಗಲಿ ಎಂದು ನಾನು ಹೇಳಲಾರೆ, ಮಿತವಾಗಿ ಹೋಗಲಿ. ಕಡಲು ಒರಟಾಗಿದ್ದರೆ ಸಹಿಸಿಕೊಳ್ಳಲಿ. ಹಡಗಿನಲ್ಲಿ ಸ್ಥಳ ಸಾಲದೆ ಬಂದ ದಿನ, ತಮ್ಮ ಸ್ಥಳವನ್ನು ಊರಿಗೆ ಮರಳುವವರಿಗೆ ಬಿಟ್ಟುಕೊಟ್ಟು, ಮುಂದಿನ ಹಡಗಿಗೆ ಕಾಯಲಿ.