ನಡೆಯುವ ಯಂತ್ರಕ್ಕೆ ಮರಣಪತ್ರ

ಸಿರಸಂಗಿಯ ಕಿರಾಣಿ ವ್ಯಾಪಾರಸ್ಥರೊಬ್ಬರು ಮಗಳ ಲ್ಯಾಪ್‌ಟಾಪನ್ನು ಕೈಚೀಲದಲ್ಲಿಟ್ಟುಕೊಂಡು ನಮ್ಮಲ್ಲಿಗೆ ಬಂದಿದ್ದರು. 2016ರಲ್ಲಿ ಕೊಂಡದ್ದು. ಪರದೆ ಸರಿಯಿದೆ, ಕೀಲಿಮಣೆಯ ಒಂದೆರಡು ಅಕ್ಷರ ಅಳಿಸಿವೆ, ಅಷ್ಟೇ. "ಮಷೀನು ಚಲೋ ನಡದೈತ್ರಿ. ಆದ್ರೂ ಇದರ ಆಯುಷ್ಯ ತೀರೈತಿ, ಹೊಸಾದು ತಗೋರಿ ಅಂತಾನ ದುರಸ್ತಿ ಅಂಗಡ್ಯಾಂವ. ನಡಿಯೂದು ಸತ್ತದ್ದು ಹ್ಯಾಂಗ ಆಗತೈತ್ರಿ?" ಎಂದು ಕೇಳಿದರು. ಇದಕ್ಕೆ ಉತ್ತರ ಕೊಡಬೇಕಾದವನು ಆ ಅಂಗಡಿಯವನಲ್ಲ, ಅಮೆರಿಕೆಯ ಮೈಕ್ರೋಸಾಫ್ಟ್ ಕಂಪನಿ.

ಆದದ್ದಿಷ್ಟು. ಆ ಯಂತ್ರವನ್ನು ನಡೆಸುವ ವಿಂಡೋಸ್ 10ಕ್ಕೆ ಕಂಪನಿಯು 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಬೆಂಬಲವೆಂದರೆ ಕಳ್ಳರು ನುಗ್ಗಬಹುದಾದ ಕಿಂಡಿಗಳನ್ನು ತಿಂಗಳು ತಿಂಗಳು ಹುಡುಕಿ ಮುಚ್ಚುವ ಕೆಲಸ. ಅದು ನಿಂತರೆ ಯಂತ್ರ ನಿಲ್ಲುವುದಿಲ್ಲ. ಹೊಸದಾಗಿ ಕಂಡುಬಂದ ಕಿಂಡಿಗಳು ತೆರೆದೇ ಉಳಿಯುತ್ತವೆ. ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ಲೆಕ್ಕ ಅದರಲ್ಲಿಯೇ ಮಾಡುವವನಿಗೆ ಇದು ಸಣ್ಣ ಮಾತಲ್ಲ. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ, ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸಾಧನ ಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕೂ ಹೊಸದೋ ಆಗಿರಬೇಕು. ಆ ಪೀಳಿಗೆ ಪೇಟೆಗೆ ಬಂದದ್ದೇ 2017ರಲ್ಲಿ. ಒಂದು ವರ್ಷ ಮೊದಲು ಕೊಂಡವನು ಬಾಗಿಲಾಚೆ.

ಭದ್ರತೆಯ ಮಾತು ಪೂರ್ತಿ ನೆವವೆಂದು ನಾವು ಹೇಳುವುದಿಲ್ಲ. ಆದರೆ ಹೊಸ ಬೀಗ ಬಂದಿದೆಯೆಂದು ಹಳೆಯ ಮನೆಯ ಕದ ದುರಸ್ತಿ ಮಾಡೆನೆನ್ನುವುದು ಯಾವ ನ್ಯಾಯ? ಸಿರಸಂಗಿಯೋ ಕಾಳಮ್ಮನ ಊರು. ಕಮ್ಮಾರ, ಬಡಿಗ, ಅಕ್ಕಸಾಲಿಗರೆಲ್ಲ ದೂರದೂರದಿಂದ ನಡೆದುಕೊಳ್ಳುವ ಸ್ಥಳ. ಮೊಂಡಾದ ಕುಡವನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮತ್ತೆ ಹೊಲಕ್ಕೆ ಕಳಿಸುವವರು ಇವರು. ಗಿರಣಿಯ ಫಿಟ್ಟರನ್ನು ಕೇಳಿರಿ: ಬೇರಿಂಗು ಸವೆದರೆ ಬೇರಿಂಗು ಬದಲಾಗುತ್ತದೆ, ಮಷೀನು ಗುಜರಿಗೆ ಹೋಗುವುದಿಲ್ಲ. ಇಲ್ಲಿಯಾದರೋ ಸವೆದದ್ದು ಏನೂ ಇಲ್ಲ.

ಕಂಪನಿಗೆ ಇನ್ನೂ ಬೆಂಬಲ ಕೊಡುವುದು ಅಸಾಧ್ಯವೇನೂ ಆಗಿರಲಿಲ್ಲ. 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಮಟ್ಟಿಗೆ ಕೊಡುವುದಾಗಿ ಅದೇ ಸಾರಿತು. ಶುಲ್ಕ 30 ಡಾಲರ್. ಇಲ್ಲವೆ ಯಂತ್ರದ ಸೆಟ್ಟಿಂಗುಗಳನ್ನು ಕಂಪನಿಯ ಖಾತೆಗೆ ಒಪ್ಪಿಸಬೇಕು. ಯುರೋಪಿನಲ್ಲಿ ಗ್ರಾಹಕ ಸಂಘಗಳು ಗಟ್ಟಿಯಾಗಿ ಹಿಡಿದು ಕೇಳಿದವು. ಅಲ್ಲಿಯವರಿಗೆ ಈ ಎರಡೂ ಕರಾರುಗಳಿಲ್ಲದೆ, ಖಾತೆಯೊಂದಿದ್ದರೆ ಸಾಕೆಂದು 2025ರಲ್ಲಿ ಒಪ್ಪಬೇಕಾಯಿತು. ಸಂಘಟಿತರಾದವರಿಗೆ ಒಂದು ದರ, ಒಂಟಿಯಾದವರಿಗೆ ಒಂದು ದರ. ಗಿರಣಿ ಕಾಮಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡುವುದೇನು? ಒಂದು ಹಾದಿ, ಕಂಪನಿಯ ಬೇಡಿಕೆಗಳನ್ನು ದಾಟಿ ವಿಂಡೋಸ್ 11 ಹಾಕುವುದು. ರೂಫಸ್ ಎಂಬ ಪುಕ್ಕಟೆ ಸಾಧನದಿಂದ ಪೆನ್‌ಡ್ರೈವ್ ಸಿದ್ಧಪಡಿಸಿದರೆ ಆ ತಪಾಸಣೆಗಳನ್ನು ತಪ್ಪಿಸಬಹುದು. ಬಹಳ ಯಂತ್ರಗಳು ಒಪ್ಪಿಕೊಳ್ಳುತ್ತವೆ. ಆದರೆ ಇಂಥ ಯಂತ್ರಕ್ಕೆ ಮುಂದಿನ ಸುಧಾರಣೆಗಳು ಬಂದೇ ಬರುತ್ತವೆಂದು ಕಂಪನಿ ಮಾತು ಕೊಡುವುದಿಲ್ಲ. 2024ರ ಆವೃತ್ತಿಯಿಂದೀಚೆಗೆ ತೀರ ಹಳೆಯವು, ಅಂದರೆ 2008ಕ್ಕೂ ಹಿಂದಿನ ಪ್ರೊಸೆಸರುಗಳು, ಶುರುವೇ ಆಗುವುದಿಲ್ಲ. ಒಡೆಯನ ಕಣ್ಣು ತಪ್ಪಿಸಿ ಬದುಕುವ ಈ ಹಾದಿಯನ್ನು ನಾವು ದೂಷಿಸುವುದಿಲ್ಲ, ನಂಬಿಕೊಳ್ಳಿರೆಂದೂ ಹೇಳುವುದಿಲ್ಲ.

ಇನ್ನೊಂದು ಹಾದಿ ಲಿನಕ್ಸ್. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿಯೊಬ್ಬ ಆರಂಭಿಸಿ, ಆಮೇಲೆ ಸಾವಿರಾರು ಜನ ಕೈಗೂಡಿಸಿ ಬೆಳೆಸಿದ್ದು. ಒಬ್ಬ ಒಡೆಯನ ಸೊತ್ತಲ್ಲ. ಇದರ ಮಿಂಟ್ ಎಂಬ ರೂಪಕ್ಕೆ 4 ಜಿಬಿ ರ‍್ಯಾಮ್ ಸಾಕು, ದುಡ್ಡು ಕೊಡಬೇಕಿಲ್ಲ. ಕನ್ನಡಕ್ಕೆ ಕಗಪ ಕೀಲಿವಿನ್ಯಾಸವೂ ಇದರಲ್ಲಿದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕು. ವ್ಯಾಪಾರಸ್ಥರಿಗೆ ಇನ್ನೊಂದು ಎಚ್ಚರಿಕೆ: ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಅದರಲ್ಲೇ ಖಾತೆ ಬರೆಯುವವರು ಅವಸರಪಡಬಾರದು.

ಇದು ಪಂಡಿತರ ಆಟವೆನ್ನುವವರು ಕಾಸರಗೋಡಿನ ಕಡೆ ನೋಡಲಿ. ಕೇರಳದ ಸರಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸಿನಲ್ಲಿಯೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ಅಲ್ಲಿನ ಸರಕಾರದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಅದನ್ನು ಅಣಿಗೊಳಿಸುತ್ತದೆ. ಅಲ್ಲಿಯ ಕನ್ನಡ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ನಮ್ಮ ಸರಕಾರವೂ 2020ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪು ಹಂಚಿತ್ತು. ಹಂಚುವ ದಿನ ಮಂತ್ರಿಗಳಿರುತ್ತಾರೆ, ಹಾರಗಳಿರುತ್ತವೆ. ಅದೇ ಯಂತ್ರ ಹಳತಾದ ದಿನ ಕೇಳುವವರಿಲ್ಲ. ತನ್ನ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಬಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರ ಊರಿನಿಂದ ನಾವು ಕೇಳುವುದಿಷ್ಟೇ: ಸರಕಾರಿ ಕಾಲೇಜುಗಳ ಹಳೆಯ ಕಂಪ್ಯೂಟರುಗಳನ್ನು ಲಿಲಾವಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಬೇಕು, ವಾರಕ್ಕೊಂದು ದಿನ ಊರವರ ಯಂತ್ರಗಳಿಗೂ ಅಲ್ಲಿ ಈ ಕೆಲಸ ಆಗಬೇಕು.

ಆ ವ್ಯಾಪಾರಸ್ಥರ ಯಂತ್ರಕ್ಕೆ ಹಳೆಯ ಹಾರ್ಡ್‌ಡಿಸ್ಕು ತೆಗೆದು ಎಸ್‌ಎಸ್‌ಡಿ ಕೂಡಿಸಿ ಮಿಂಟ್ ಹಾಕಿಸಿದ್ದಾಯಿತು. ಮೊದಲು ಮಗಳ ಫೋಟೋ, ಕಡತಗಳನ್ನೆಲ್ಲ ಬೇರೆಡೆ ಇಳಿಸಿಕೊಂಡೆವು. ಮೊದಲಿಗಿಂತ ಬೇಗ ಏಳುತ್ತದೆ. ಪ್ರಿಂಟರು ಎರಡು ದಿನ ಹಟ ಮಾಡಿತು. ಅಂಗಡಿಯ ಟ್ಯಾಲಿ ಇರುವ ಇನ್ನೊಂದು ಕಂಪ್ಯೂಟರಿನ ಗತಿಯೇನೆಂದು ಅವರು ಈಗ ಕೇಳುತ್ತಿದ್ದಾರೆ.